ಶ್ರೀಶೈಲದ ಪಾದಚಾರಿಗಳಿಗೆ ತಂಗುದಾಣ

ಕನ್ನಡ ನಾಡಿನಿಂದ ಶ್ರೀಶೈಲಕ್ಕೆ ಕಾಲ್ನಡೆಯಿಂದ ಯಾತ್ರೆಗೈಯುವ ಸಂಪ್ರದಾಯವು ಅತಿ ಪುರಾತನವಾದುದು. ವೀರಶೈವ ಪಂಚಪೀಠಗಳಲ್ಲಿ ಸೂರ್ಯಸಿಂಹಾಸನವೆನಿಸಿದ ಪೀಠವು ಅಲ್ಲಿರುವುದರಿಂದಲೂ, ಅಲ್ಲಮಪ್ರಭುವೂ ಅಕ್ಕಮಹಾದೇವಿಯೂ ಅಲ್ಲಿನ ಕದಳೀವನದಲ್ಲಿ ಐಕ್ಯರಾದರೆಂಬ ನಂಬುಗೆಯಿಂದಲೂ, ಆ ಪರ್ವತವು ಆಂಧ್ರ ದೇಶದಲ್ಲಿದ್ದರೂ ಕನ್ನಡಿಗರಿಗೆ ಪರಸ್ಥಳವಾಗಿ ತೋರಿಲ್ಲ. ಮಹಾಶಿವರಾತ್ರಿಗೆ ತೆಲುಗು ಜನರ ಸಂದಣಿ ಹೆಚ್ಚಾದರೆ, ಯುಗಾದಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಸೀಮೆಗಳ ಜನರು ಮಲ್ಲಯ್ಯನ ಕಂಬಿಯನ್ನು ಹೆಗಲೇರಿಸಿಕೊಂಡು ತಂಡೋಪತಂಡವಾಗಿ ಬರುತ್ತಾರೆ. ಭ್ರಮರಾಂಬೆಯನ್ನು ಮನೆಯ ಮಗಳೆಂದೇ ಭಾವಿಸಿ ಸೀರೆ, ಕುಪ್ಪಸ, ಅರಿಸಿನ, ಕುಂಕುಮಗಳನ್ನು ತರುವವರು ಅವರಲ್ಲಿ ಅನೇಕರು. ಕ್ಷೇತ್ರಮಹಿಮೆಯನ್ನು ಹೇಳುವ ಗ್ರಂಥಗಳು ಶಿಖರದರ್ಶನದ ಫಲವನ್ನೂ ಪಾತಾಳಗಂಗೆಯ ಸ್ನಾನದ ಪುಣ್ಯವನ್ನೂ ವಿಸ್ತಾರವಾಗಿ ವರ್ಣಿಸುತ್ತವೆ. ಆದರೆ ಅಷ್ಟು ದೂರ ನಡೆದು ಬಂದವನು ಆ ರಾತ್ರಿ ಎಲ್ಲಿ ಮೈಚಾಚಿದನೆಂಬುದನ್ನು ವಿಚಾರಿಸಿದವರು ವಿರಳ.

ಈ ಪ್ರಶ್ನೆಯ ತೂಕವು ದಾರಿಯನ್ನು ಬಲ್ಲವರಿಗೆ ಮಾತ್ರ ತಿಳಿಯುವಂಥದು. ಕರ್ನೂಲಿನ ಕಡೆಯಿಂದ ಆತ್ಮಕೂರಿಗೆ ಬಂದು, ವೆಂಕಟಾಪುರದಲ್ಲಿ ನಲ್ಲಮಲೆಯನ್ನು ಹೊಕ್ಕು, ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಪೆಚ್ಚೆರುವನ್ನು ದಾಟಿ, ಭೀಮನಕೊಳದ ಕಣಿವೆಗೆ ಇಳಿದು, ಮತ್ತೆ ಕಡಿದಾದ ಮೆಟ್ಟಿಲುಗಳನ್ನೇರಿ ಕೈಲಾಸದ್ವಾರವನ್ನು ಸೇರಬೇಕು. ಬಿಸಿಲು ಬಲಿತ ಚೈತ್ರದ ಹೊತ್ತಿನಲ್ಲಿ ಈ ಏರಿಕೆಯು ಗಟ್ಟಿ ಮೈಯವರನ್ನೂ ಬಳಲಿಸುವುದು. ಹಿಂದೆ ಅರಣ್ಯವಾಸಿಗಳಾದ ಚೆಂಚರು ಯಾತ್ರಿಕರಿಗೆ ದಾರಿ ತೋರಿಸಿ, ಕಾವಲಿದ್ದು, ಅದಕ್ಕಾಗಿ ಕಾಣಿಕೆಯನ್ನು ಪಡೆಯುತ್ತಿದ್ದರು. ೧೪ನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮನು ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನಗಳನ್ನು ಕಟ್ಟಿಸಿದನು. ೧೩೯೩ರಲ್ಲಿ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠ್ಠಲಾಂಬೆಯು ಪಾತಾಳಗಂಗೆಗೆ ಮೆಟ್ಟಿಲುಗಳನ್ನು ಹಾಕಿಸಿದಳು. ಗೋಪುರಕ್ಕೆ ಹೊನ್ನು ಹೊದಿಸುವುದಕ್ಕಿಂತ ನಡೆವವನ ಕಾಲಿಗೆ ಕಲ್ಲು ಹಾಸುವುದು ಕಡಮೆಯ ಸೇವೆಯಲ್ಲವೆಂಬುದನ್ನು ಇವರು ಬಲ್ಲವರಾಗಿದ್ದರು.

ಪಾದಚಾರಿಗಳ ಕಷ್ಟಸುಖಗಳು ಸಾಹಿತ್ಯದಲ್ಲಿ ಕಾಣದೆ ಹೋಗಿಲ್ಲ. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಕೃತಿಗಳನ್ನು ರಚಿಸಿದ ಪಾಲ್ಕುರಿಕೆ ಸೋಮನಾಥನು ತನ್ನ ಪಂಡಿತಾರಾಧ್ಯ ಚರಿತ್ರೆಯಲ್ಲಿ ಪರ್ವತ ಪ್ರಕರಣವೆಂಬ ಭಾಗವನ್ನೇ ಶ್ರೀಶೈಲಕ್ಕೆ ಮೀಸಲಿಟ್ಟು, ಅಲ್ಲಿಗೆ ಬರುವ ಭಕ್ತಸಮೂಹವನ್ನು ವರ್ಣಿಸಿದ್ದಾನೆ.

ಬಂದವರಿಗೆ ನೆರಳಾದವು ಮೊದಲು ಮಠಗಳು. ಘಂಟಾಮಠ, ಭೀಮಶಂಕರಮಠ, ವಿಭೂತಿಮಠ, ರುದ್ರಾಕ್ಷಮಠ, ಸಾರಂಗಧರಮಠವೆಂಬ ಪಂಚಮಠಗಳ ಕಲ್ಲುಕಟ್ಟಡಗಳು ದೇವಾಲಯಕ್ಕೆ ಅನತಿದೂರದಲ್ಲಿ ಇಂದಿಗೂ ನಿಂತಿವೆ. ಆ ಕಾಲದ ಶೈವ ಮಠವೊಂದರ ಆಡಳಿತವು ಹೇಗಿತ್ತೆಂಬುದಕ್ಕೆ ಕೃಷ್ಣಾತೀರದ ಮಲ್ಕಾಪುರದ ೧೨೬೧ರ ಶಾಸನವು ಒಳ್ಳೆಯ ನಿದರ್ಶನವಾಗಿದೆ. ಗೋಳಕೀಮಠದ ವಿಶ್ವೇಶ್ವರ ಶಿವಾಚಾರ್ಯರು ಕಾಕತೀಯರ ದಾನದಿಂದ ನೆಲೆಗೊಳಿಸಿದ ಆ ಸಂಸ್ಥೆಯಲ್ಲಿ ದೇವಾಲಯದೊಡನೆ ವಿದ್ಯಾಶಾಲೆ, ಅನ್ನಸತ್ರ, ಆರೋಗ್ಯಶಾಲೆ, ಪ್ರಸೂತಿಶಾಲೆಗಳು ಸೇರಿದ್ದವು. ಬ್ರಾಹ್ಮಣನಿಂದ ಹಿಡಿದು ಚಂಡಾಲನವರೆಗೆ ಬಂದವರೆಲ್ಲರಿಗೂ ಅಲ್ಲಿ ಅನ್ನವಿಕ್ಕಬೇಕೆಂಬುದು ಕಟ್ಟಳೆಯಾಗಿತ್ತು. ಕುಲವನ್ನು ಕೇಳಿ ಕದ ತೆರೆಯುವ ಪದ್ಧತಿಯನ್ನು ಸನಾತನವೆಂದು ವಾದಿಸುವವರು ಈ ಶಾಸನವನ್ನು ಒಮ್ಮೆ ನೋಡತಕ್ಕದ್ದು.

ಮಠಗಳಿಗೆ ಹಿಡಿಯದ ಜನಕ್ಕೆ ಮಂಟಪಗಳು. ೧೫೧೬ರ ಸುಮಾರಿಗೆ ಶ್ರೀಶೈಲಕ್ಕೆ ಬಂದ ಕೃಷ್ಣದೇವರಾಯನು ರಥಬೀದಿಯ ಎರಡು ಪಕ್ಕಗಳಲ್ಲಿಯೂ ಸಾಲುಮಂಟಪಗಳನ್ನು ಕಟ್ಟಿಸಿದನು. ಇವು ರಥೋತ್ಸವದ ಶೋಭೆಗೆಂದು ಹೇಳುವುದುಂಟು, ಅದು ನಿಜವೇ. ಆದರೆ ಮೇಲೆ ಕಲ್ಲಿನ ಮಾಡು, ಕೆಳಗೆ ನೆಲದಿಂದ ಎತ್ತರಿಸಿದ ಜಗಲಿ, ಕದವಿಲ್ಲ, ಬೀಗವಿಲ್ಲ, ಬಾಡಿಗೆಯಿಲ್ಲ, ಎದುರಿಗೆ ಮಹಾದ್ವಾರ: ನಡೆದು ಬಂದ ಬಡವನಿಗೆ ಇದಕ್ಕಿಂತ ಅನುಕೂಲವಾದ ವಸತಿ ಯಾವುದು? ಅರಸನು ಈ ಮಂಟಪಗಳನ್ನು ಊರಾಚೆಯ ಬಯಲಿನಲ್ಲಿ ಕಟ್ಟಿಸದೆ ಕ್ಷೇತ್ರದ ನಡುಬೀದಿಯಲ್ಲಿ ಕಟ್ಟಿಸಿದನೆಂಬುದೇ ಇಲ್ಲಿ ಗಮನಾರ್ಹವಾದುದು. ಕಾಲಲ್ಲಿ ಬೊಕ್ಕೆಯೆದ್ದವನಿಗೆ ಅರ್ಧ ಹರದಾರಿಯೂ ಇನ್ನೊಂದು ಯಾತ್ರೆಯೇ ಸರಿ.

ಅನ್ನದಾನಕ್ಕೂ ವಸತಿದಾನಕ್ಕೂ ಒಂದು ಭೇದವಿದೆ. ದಾಸೋಹಕ್ಕೆ ಕನ್ನಡಿಗರು ಎಂದೂ ಹಿಂದೆಗೆದವರಲ್ಲ. ಯುಗಾದಿ ಯಾತ್ರೆಯ ದಿನಗಳಲ್ಲಿ ಕಾಡಿನ ಹಾದಿಯುದ್ದಕ್ಕೂ ಚಪ್ಪರ ಹಾಕಿ, ರೊಟ್ಟಿ, ಅನ್ನ, ಮಜ್ಜಿಗೆಗಳನ್ನಿತ್ತು, ನೋವಿಗೆ ಎಣ್ಣೆಯನ್ನೂ ತಿಕ್ಕುವ ಭಕ್ತರು ಇದ್ದೇ ಇದ್ದಾರೆ. ಆದರೆ ಅಕ್ಕಿಜೋಳಗಳನ್ನು ಬಂಡಿಯ ಮೇಲೆ ಹೇರಿಕೊಂಡು ಬರಬಹುದು; ನೆಲವನ್ನು ಹೇರಿಕೊಂಡು ಬರುವಂತಿಲ್ಲ. ದೇವಾಲಯದ ಸನಿಹದ ನೆಲವು ಪರಿಮಿತವಾದುದು, ಅದರ ಮೇಲಿನ ಹಕ್ಕು ಇನ್ನೊಬ್ಬರ ಕೈಯಲ್ಲಿರುವಂಥದು. ಆದಕಾರಣವೇ ವಸತಿಯು ಅರಸರಿಂದಲೂ ಮಠಗಳಿಂದಲೂ ನಡೆಯತಕ್ಕ ಕಾರ್ಯವಾಗಿತ್ತು; ಅವರ ಕೈ ಸಡಿಲಿದೊಡನೆ ಯಾತ್ರಿಕನು ಬಯಲಿಗೆ ಬಿದ್ದನು.

೧೭೯೪ರಲ್ಲಿ ಕಾಲಿನ್ ಮೆಕೆಂಜಿ ಎಂಬ ಬ್ರಿಟಿಷ್ ಸೇನಾಧಿಕಾರಿಯು ಈ ಕ್ಷೇತ್ರವನ್ನು ಸಂದರ್ಶಿಸಿ, ಪ್ರಾಕಾರದ ಶಿಲ್ಪಗಳ ವಿವರವನ್ನು ಏಷಿಯಾಟಿಕ್ ರಿಸರ್ಚಸ್ ಎಂಬ ಗ್ರಂಥಮಾಲೆಯಲ್ಲಿ ಪ್ರಕಟಿಸಿದನು. ಅಂದಿಗೆ ಉತ್ಸವದ ದಿನಗಳನ್ನು ಬಿಟ್ಟರೆ ಅಲ್ಲಿ ಜನಸಂಚಾರವು ಅತ್ಯಲ್ಪವಾಗಿತ್ತು. ೨೦ನೆಯ ಶತಮಾನದಲ್ಲಿ ಎಲ್ಲವೂ ಬದಲಾಯಿತು. ೧೯೬೩ರಲ್ಲಿ ಕೃಷ್ಣೆಗೆ ಅಣೆಕಟ್ಟಿನ ಶಂಕುಸ್ಥಾಪನೆಯಾಯಿತು; ಘಾಟಿನಲ್ಲಿ ರಸ್ತೆಗಳು ಸುಗಮವಾಗಿ, ಮೋಟಾರು ವಾಹನಗಳು ಗುಡಿಯ ಸಮೀಪದವರೆಗೂ ಬಂದವು. ದೇವಸ್ಥಾನದವರು ವಸತಿಗೃಹಗಳನ್ನು ಕಟ್ಟಿಸಿದರು. ನಾನಾ ಸಮಾಜಗಳವರು ತಮ್ಮ ತಮ್ಮ ಸತ್ರಗಳನ್ನು ಕಟ್ಟಿಸಿಕೊಂಡರು. ಈ ಸತ್ರಗಳಿಂದ ಉಪಕಾರವಾಗಿಲ್ಲವೆಂದು ಹೇಳುವುದು ಕೃತಘ್ನತೆಯಾದೀತು. ತಮ್ಮವರ ಹೆಸರು ಹೇಳಿ ಒಂದು ಕೋಣೆಯನ್ನು ಪಡೆದು ನೆಮ್ಮದಿಯಿಂದ ಮಲಗಿದವರು ಅಸಂಖ್ಯಾತರು. ಆದರೆ ಹೇಳಿಕೊಳ್ಳುವುದಕ್ಕೆ ಸತ್ರವಿಲ್ಲದ ಸಮಾಜದವನು ಎಲ್ಲಿಗೆ ಹೋಗಬೇಕು?

ಇದರ ಮೇಲೆ ಇನ್ನೊಂದು ತೊಡಕುಂಟು. ವಾಹನದಲ್ಲಿ ಬರುವವನು ಕೋಣೆಯನ್ನು ಮುಂಗಡವಾಗಿ ಕಾದಿರಿಸಿ ಬರಬಲ್ಲನು. ಕೋಣೆ ದೊರೆಯದಿದ್ದರೆ ದರ್ಶನವಾದೊಡನೆ ಅದೇ ರಾತ್ರಿ ಹಿಂದಿರುಗಬಲ್ಲನು. ನಡೆದು ಬರುವವನಿಗೆ ಇವೆರಡೂ ಸಾಧ್ಯವಲ್ಲ. ಅವನ ಬರವು ಕಾಲಿನ ಬಲದಂತೆ, ಜೊತೆಯವರ ಆರೋಗ್ಯದಂತೆ. ಒಂದು ದಿನ ಮುಂಚೆ ಬಂದಾನು, ಒಂದು ದಿನ ತಡವಾಗಿ ಬಂದಾನು, ನಡುರಾತ್ರಿಯಲ್ಲಿ ಬಂದಾನು. ಕಾಡಿನ ಹಾದಿಯು ಈಗ ಹುಲಿಗಳ ರಕ್ಷಿತಾರಣ್ಯದೊಳಗಿರುವುದರಿಂದ ಉತ್ಸವಗಳ ಗೊತ್ತಾದ ದಿನಗಳಲ್ಲಿ ಮಾತ್ರ ಅದು ತೆರೆದಿರುವುದು. ಆದುದರಿಂದ ಎಲ್ಲರೂ ಒಟ್ಟಿಗೆ ಬಂದು ಸೇರುವುದು ಅನಿವಾರ್ಯ. ದಿನಾಂಕ ಹಿಡಿದು ಕೋಣೆ ಕೊಡುವ ಏರ್ಪಾಡು ಯಾರಿಗಾಗಿ ಈ ಹಾದಿಯು ಪ್ರಸಿದ್ಧವಾಯಿತೋ ಅವರನ್ನೇ ಹೊರಗಿಡುತ್ತದೆ. ದೇವಸ್ಥಾನದವರು ಉತ್ಸವಕಾಲದಲ್ಲಿ ಚಪ್ಪರಗಳನ್ನು ಹಾಕಿಸುವುದುಂಟು. ಸಾಲುಮಂಟಪದ ಮೂಲತತ್ತ್ವವು ಕಲ್ಲನ್ನು ಬಿಟ್ಟು ಬಟ್ಟೆತಗಡುಗಳಲ್ಲಿ ಉಳಿದಿದೆಯೆನ್ನಬಹುದು.

ಇತ್ತೀಚೆಗೆ ಪಂಚಮಠಗಳ ಜೀರ್ಣೋದ್ಧಾರವು ನಡೆದಿದೆ. ೨೦೨೧ರಲ್ಲಿ ಘಂಟಾಮಠದ ಕೆಲಸದ ಕಾಲಕ್ಕೆ ತಾಮ್ರಪಟಗಳು ದೊರೆತು ವಿದ್ವಾಂಸರ ಗಮನವನ್ನು ಸೆಳೆದವು. ಯುಗಾದಿಯ ಹಿಂದಿನ ರಾತ್ರಿ ಕನ್ನಡದ ಪಾದಚಾರಿಗಳು ಕಂಬಿಗಳನ್ನು ಗೋಡೆಗೊರಗಿಸಿ, ಕಂಬಳಿಯ ಗಂಟನ್ನು ತಲೆಗಿಟ್ಟುಕೊಂಡು, ಬೀದಿಯ ಬದಿಯಲ್ಲಿಯೂ ಮರದ ಬುಡಗಳಲ್ಲಿಯೂ ಮಲಗುತ್ತಾರೆ.