ದಾವಣಗೆರೆಯ ಹಳೆಯ ಮನೆಗಳ ರಚನೆಯೂ ರೂಪಾಂತರವೂ

ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದನು. 1268ರಲ್ಲಿ, ಮುಮ್ಮಡಿ ನರಸಿಂಹನ ಆಳಿಕೆಯಲ್ಲಿ, ಸೋಮ ದಂಡನಾಯಕನು ಅದಕ್ಕೆ ಹೊಸ ಕಟ್ಟಡವನ್ನು ಸೇರಿಸಿದನು. ಸೋಮನಾಥಪುರವನ್ನು ನಿರ್ಮಿಸಿದವನೂ ಇವನೇ. ಎಂಟು ಶತಮಾನಗಳು ಸಂದರೂ ಈ ಸಂಗತಿಗಳು ತಿಳಿದಿರುವುದು ಶಾಸನಗಳ ಉಪಕಾರದಿಂದ. ದೇವರ ಮನೆಗೆ ಒಂದು ಮಂಟಪ ಸೇರಿದರೂ ಕಲ್ಲು ಅದನ್ನು ಹೇಳುತ್ತದೆ. ಮನುಷ್ಯರ ಮನೆಗೆ ಅಂತಹ ಭಾಗ್ಯವಿಲ್ಲ. ಅಲ್ಲಿಂದ ಕೆಲವೇ ಹರದಾರಿ ದೂರದ ದಾವಣಗೆರೆಯಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಎದ್ದ ಮನೆಗಳು ಒಂದು ನೂರು ವರ್ಷದೊಳಗೆ ಗುರುತು ಸಿಗದಂತೆ ಮಾರ್ಪಟ್ಟಿವೆ. ಅವುಗಳ ಚರಿತ್ರೆಯನ್ನು ಗೋಡೆ, ಕಂಬ, ತೊಲೆಗಳಿಂದಲೇ ಓದಬೇಕಾಗಿದೆ.

ದಾವಣಗೆರೆಯು ವರ್ತಕರ ಊರು. ಹೈದರಾಲಿಯು ಇದನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನ ಪ್ರೋತ್ಸಾಹದಿಂದ ವ್ಯಾಪಾರಿಗಳು ಇಲ್ಲಿ ಬಂದು ನೆಲೆಸಿದರೆಂದೂ ಗೆಜೆಟಿಯರು ತಿಳಿಸುತ್ತದೆ. ಕಂಬಳಿಯ ಹೆಸರು ಮೊದಲು ಬಂತು, ಹತ್ತಿ ಮತ್ತು ಧಾನ್ಯದ ವ್ಯಾಪಾರ ಆಮೇಲೆ ಬೆಳೆಯಿತು. 1880ರ ದಶಕದಲ್ಲಿ ರೈಲುದಾರಿ ಬಂದಿತು. ಚೌಕಿಪೇಟೆ, ಮಂಡಿಪೇಟೆಗಳ ಮನೆಗಳ ವಿನ್ಯಾಸಕ್ಕೆ ಈ ವ್ಯಾಪಾರವೇ ಕಾರಣ: ಬೀದಿಗೆ ಅಂಗಡಿ, ಒಳಗೆ ಸಂಸಾರ, ಹಿಂದೆ ದನ ಮತ್ತು ಗಾಡಿ.

ಮೂಲರೂಪದಲ್ಲಿ ಈ ಮನೆಗೆ ಅಂಕಣವೇ ಅಳತೆ. ಎರಡು ಕಂಬಗಳ ನಡುವಣ ಜಾಗವು ಒಂದು ಅಂಕಣ. ಎಷ್ಟು ಅಂಕಣದ ಮನೆಯೆಂದು ಕೇಳಿದರೆ ಯಜಮಾನನ ಅಂತಸ್ತು ತಿಳಿಯುತ್ತಿತ್ತು. ಗೋಡೆ ಕಲ್ಲು ಮಣ್ಣಿನದು, ಬಹಳ ದಪ್ಪ. ಅದರಲ್ಲಿ ದೀಪಕ್ಕೊಂದು, ಲೆಕ್ಕದ ಪುಸ್ತಕಕ್ಕೊಂದು ಗೂಡು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜಂತೆ, ಅದರ ಮೇಲೆ ಸೊಪ್ಪುಕಡ್ಡಿ ಹಾಸಿ ಮಣ್ಣು ತುಂಬಿ ಮಾಳಿಗೆ ಮಾಡುತ್ತಿದ್ದರು. ಸವಳು ಮಣ್ಣಿಗೆ ನೀರನ್ನು ತಡೆಯುವ ಗುಣವುಂಟು. ಮುಂಗಾರಿಗೆ ಮೊದಲು ಅದನ್ನು ಮಾಳಿಗೆಯ ಮೇಲೆ ಹೊಸದಾಗಿ ಹರಡುವುದು ಮನೆಯ ವಾರ್ಷಿಕ ಕರ್ತವ್ಯ. ಒಂದು ವರ್ಷ ಮರೆತರೆ ಮಳೆಯು ನಡುಮನೆಯಲ್ಲಿಯೇ ಜ್ಞಾಪಿಸುತ್ತಿತ್ತು. ಕಿಟಕಿಗಳು ವಿರಳ, ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ. ನೆಲದಡಿಯಲ್ಲಿ ಜೋಳ ತುಂಬುವ ಹಗೇವು. ಅನುಕೂಲಸ್ಥರ ಮನೆಯಲ್ಲಿ ನಡುವೆ ತೆರೆದ ತೊಟ್ಟಿಯಿದ್ದು, ಸುತ್ತಲೂ ಪಡಸಾಲೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಚತುಶ್ಶಾಲಾಗೃಹಗಳ ಭೇದಗಳನ್ನು ವಿವರಿಸಿದ್ದಾನೆ. ಇಲ್ಲಿಯ ಬಡಗಿಯು ಆ ಗ್ರಂಥವನ್ನು ಓದಿದವನಲ್ಲ, ಆದರೂ ಮನೆಯ ನಡುವನ್ನು ಆಕಾಶಕ್ಕೆ ಬಿಡಬೇಕೆಂಬುದನ್ನು ಪರಂಪರೆಯಿಂದ ಬಲ್ಲವನು.

ಮೊದಲನೆಯ ಬದಲಾವಣೆಯು ಭಯದಿಂದ ಬಂದಿತು. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟಿತು. ಇಲಿ ಸೇರುವ ಮಣ್ಣಿನ ಗೋಡೆ, ಗಾಳಿಯಾಡದ ಕೋಣೆಗಳ ವಿಷಯದಲ್ಲಿ ಜನರಿಗೆ ಎಚ್ಚರ ಹುಟ್ಟಿ, ಆಮೇಲೆ ಕಟ್ಟಿದ ಮನೆಗಳಲ್ಲಿ ಕಿಟಕಿಗಳು ಹೆಚ್ಚಿದವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೊಡಗಿಸಿದ ಹೆಂಚಿನ ಕೈಗಾರಿಕೆಯ ಸರಕು ಬಯಲುಸೀಮೆಗೂ ಹಬ್ಬಿತು. ಮಾಳಿಗೆಯನ್ನು ತೆಗೆದು ಹೆಂಚು ಹೊದಿಸಿದವರು ಕೆಲವರು, ಕಬ್ಬಿಣದ ತೊಲೆಯಿಟ್ಟು ಇಟ್ಟಿಗೆ ಗಾರೆಯ ತಾರಸಿ ಹಾಕಿಸಿದವರು ಕೆಲವರು. ಬೀದಿಯ ಮುಖಕ್ಕೆ ಗಾರೆಯ ಹೂಬಳ್ಳಿ ಬಂತು. ಒಳಗೆ ಮಾತ್ರ ಹಳೆಯ ಕಂಬಗಳೇ ಉಳಿದವು.

ಎರಡನೆಯದು ದಾಯವಿಭಾಗ. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕುಂಟೆಂದು ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಸ್ಥಾಪಿಸಿದನಷ್ಟೆ. ಹೊಲವನ್ನು ಹಂಚುವುದು ಸುಲಭ, ತೊಟ್ಟಿಯನ್ನು ಹಂಚುವುದು ಹೇಗೆ? ನಡುವೆ ಗೋಡೆಯೆದ್ದಿತು. ಒಂದು ಬಾಗಿಲಿದ್ದ ಕಡೆ ಎರಡಾದವು, ದೇವರ ಕೋಣೆ ಒಬ್ಬನ ಪಾಲಿಗೆ ಹೋದರೆ ಬಾವಿ ಮತ್ತೊಬ್ಬನ ಪಾಲಿಗೆ. ಈ ಗೋಡೆಗಳಷ್ಟು ನೋವಿನ ಮಾರ್ಪಾಟು ಬೇರೊಂದಿಲ್ಲ. ಹಳೆಯ ಮನೆಯು ಹಾಳಾದುದಕ್ಕೆ ಸಿಮೆಂಟನ್ನು ದೂರುವವರು ಇದನ್ನು ಮರೆಯುತ್ತಾರೆ.

ಸಿಮೆಂಟು ಪ್ರಬಲವಾದುದು ಆಮೇಲೆ. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ಲು, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾದವು. ಹಣವಂತರು ಹೊಸ ಬಡಾವಣೆಗಳಿಗೆ ತೆರಳಿದಂತೆ ಪೇಟೆಯ ಮನೆಗಳು ಬಾಡಿಗೆಗೂ ಗೋದಾಮಿಗೂ ಹೋದವು. ಭದ್ರಾ ನಾಲೆಯ ನೀರು ಬಂದು ಭತ್ತ ಬೆಳೆದು ಅಕ್ಕಿಗಿರಣಿಗಳು ಹೆಚ್ಚಿದ ಮೇಲೆ, ತೊಟ್ಟಿಗೆ ಕಾಂಕ್ರೀಟು ಮುಚ್ಚಿ ಮಹಡಿ ಏರಿಸುವುದು ವಾಡಿಕೆಯಾಯಿತು. ಬೀದಿ ಅಗಲವಾದಾಗ ಜಗಲಿ ಹೋಯಿತು, ಅಂಗಡಿಗೆ ಷಟರು ಬಂತು. ಇದೆಲ್ಲವೂ ಅವನತಿಯೆನ್ನುವುದು ನ್ಯಾಯವಲ್ಲ. ಬೆಳಕಿಂಡಿಯ ಕೆಳಗೆ ಹೊಗೆ ಕುಡಿದು ಅಡುಗೆ ಮಾಡಿದ ಗೃಹಿಣಿಗೆ, ಮನೆಯೊಳಗೇ ನಲ್ಲಿ ಬಂದ ದಿನ ಹಳೆಯ ವಾಸ್ತುವಿನ ಸೊಬಗು ನೆನಪಾಗಿರಲಾರದು.

ಆದರೆ ಈಗ ನಡೆಯುತ್ತಿರುವುದು ಮಾರ್ಪಾಟಲ್ಲ, ನಿರ್ಮೂಲನೆ. ಕೆಡಹಿದ ಮನೆಯ ತೊಲೆ ಮಾರಾಟಕ್ಕೆ ಹೋಗುತ್ತದೆ, ಕಲ್ಲು ತಳಪಾಯಕ್ಕೆ ಸೇರುತ್ತದೆ. ಯಾರ ಬಳಿಯೂ ಒಂದು ನಕ್ಷೆ ಉಳಿಯುವುದಿಲ್ಲ. ಅಳತೆ ತೆಗೆಯುವುದು ಒಂದೆರಡು ದಿನಗಳ ಕೆಲಸ. ಕಂಬಗಳನ್ನೆಣಿಸಿ ಅಂಕಣವನ್ನು ಗುರುತಿಸಬೇಕು. ಕಂಬದ ಸಾಲು ಗೋಡೆಯಲ್ಲಿ ಹುದುಗಿದ್ದರೆ ಅದು ಪಾಲಿನ ಗೋಡೆಯೆಂದು ತಿಳಿಯಬೇಕು. ನೆಲವನ್ನು ಕುಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಹಗೇವಿನ ಬಾಯಿಯನ್ನು ಹುಡುಕಬೇಕು. ಮಾಳಿಗೆಯ ಮಣ್ಣು ಎಷ್ಟು ದಪ್ಪವಿತ್ತೆಂಬುದನ್ನೂ ಕೆಡಹುವ ಮುನ್ನವೇ ಬರೆದಿಡಬೇಕು. ಒಮ್ಮೆ ಬಿದ್ದ ಮೇಲೆ ಅದು ಬರಿಯ ಮಣ್ಣು.