ದೊಡ್ಡದು ಬಾಯಾಗ, ಸಣ್ಣದು ಬೆರಳಾಗ: ಬೆಳಗಾವಿ–ಖಾನಾಪುರದ ಎಳೆಯರಿಗೆ ಸಂಕಲನ ಕಲಿಸಿದ ಬಗೆ

ಬೆಳಗಾವಿಯ ಟಿಳಕವಾಡಿ, ಶಹಾಪುರಗಳಲ್ಲಿ ಅಬ್ಯಾಕಸ್ ಕ್ಲಾಸಿನ ಬೋರ್ಡುಗಳಿಗೆ ಈಗ ಬರವಿಲ್ಲ. ನಿಮಿಷಕ್ಕೆ ಎಷ್ಟು ಲೆಕ್ಕ ಎಂಬುದೇ ಅಲ್ಲಿಯ ಅಳತೆ. ಇತ್ತ ಶಿಕ್ಷಕರ ಸಭೆ ಯಾವುದೇ ಇರಲಿ, ಯಾರಾದರೂ ಒಬ್ಬರು ಎದ್ದು, ಸರಕಾರಿ ಶಾಲೆಗಳ ಕಾರ್ಡು–ಗುಂಪಿನ ಕಲಿಕಾ ಪದ್ಧತಿಯನ್ನು ಬೊಟ್ಟು ಮಾಡಿ, "ನಲಿಕಲಿ ಬಂದ ಮ್ಯಾಲ ಹುಡುಗರಿಗೆ ಬೇರೀಜ ಮಾಡಾಕ ಬರವಲ್ದರಿ" ಎನ್ನುತ್ತಾರೆ, ಉಳಿದವರು ಗೋಣಾಡಿಸುತ್ತಾರೆ. ಕೂಡಿಸುವುದೆಂದರೆ ಉತ್ತರ ಬರುವುದು, ಅಷ್ಟೇ ಎಂಬ ನಂಬಿಕೆಯಲ್ಲಿ ಈ ಎರಡೂ ಕಡೆಯವರು ಒಂದೇ. ಉತ್ತರ ಬರುವ ಮೊದಲು ಮಗುವಿನ ತಲೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಜಗತ್ತು ಐವತ್ತಕ್ಕೂ ಹೆಚ್ಚು ವರ್ಷದಿಂದ ಅಧ್ಯಯನ ಮಾಡುತ್ತಿದೆ. ನಮ್ಮ ಜಿಲ್ಲೆಯ ಮಾಸ್ತರರು ಮೂವತ್ತು ವರ್ಷದಿಂದ ಕಣ್ಣಾರೆ ನೋಡುತ್ತಿದ್ದಾರೆ. ಮೊದಲು ಖಾನಾಪುರ ತಾಲೂಕಿನ ಶಾಲೆಗಳಲ್ಲಿ, ಆಮೇಲೆ ತರಬೇತಿಗಳಲ್ಲಿ ಸವೆದವನಾಗಿ, ಈ ಎರಡನ್ನೂ ಒಂದೆಡೆ ಇಡುವುದು ನನ್ನ ಉದ್ದೇಶ.

ಸಂಕಲನದ ಮೂಲಗುಣಗಳು ಮೂರು. ಎರಡಕ್ಕೆ ಏಳು ಕೂಡಿಸಿದರೂ ಏಳಕ್ಕೆ ಎರಡು ಕೂಡಿಸಿದರೂ ಒಂದೇ: ಇದು ಪರಿವರ್ತನೀಯ ಗುಣ. ಮೂರು ಸಂಖ್ಯೆಗಳಿದ್ದಾಗ ಮೊದಲೆರಡನ್ನು ಜೋಡಿಸಿ ಹೊರಟರೂ ಕೊನೆಯೆರಡನ್ನು ಜೋಡಿಸಿ ಹೊರಟರೂ ಮೊತ್ತ ಬದಲಾಗದು: ಇದು ಸಹವರ್ತನೀಯ ಗುಣ. ಸೊನ್ನೆ ಕೂಡಿಸಿದರೆ ಸಂಖ್ಯೆ ಇದ್ದ ಹಾಗೇ ಇರುತ್ತದೆ. ಸೊನ್ನೆಯೇ ಸಂಕಲನದ ಅನನ್ಯತಾಂಶ. ಈ ಹೆಸರುಗಳು ಮಗುವಿಗೆ ಸಿಗುವುದು ಹಿರಿಯ ಪ್ರಾಥಮಿಕದಲ್ಲಿ. ಅವುಗಳ ಕೆಲಸ ಶುರುವಾಗುವುದು ಒಂದನೆಯ ತರಗತಿಯಲ್ಲಿ. 0ಯಿಂದ 9ರ ವರೆಗಿನ ಅಂಕಿಗಳನ್ನು ಎರಡೆರಡಾಗಿ ಕೂಡಿಸುವ ಲೆಕ್ಕಗಳು ಒಟ್ಟು 100. ಸೊನ್ನೆಯ ಗುಣ ತಿಳಿದ ಮಗುವಿಗೆ ಅವುಗಳಲ್ಲಿ 19 ಪುಕ್ಕಟೆ, ಉಳಿದವು 81. ತಿರುವಿ ಹಾಕಬಹುದೆಂದು ತಿಳಿದರೆ 45 ಸಾಕು. ಒಂದು ಕೂಡಿಸುವುದೆಂದರೆ ಮುಂದಿನ ಸಂಖ್ಯೆ ಎಂದು ಗೊತ್ತಿದ್ದರೆ 36. ಜೋಡಿ ಲೆಕ್ಕಗಳೂ ಹತ್ತಾಗುವ ಲೆಕ್ಕಗಳೂ ಬಾಯಲ್ಲಿದ್ದರೆ ಉಳಿಯುವುದು 25. ಆ 25ಕ್ಕೂ ದಾರಿ ಉಂಟು: 8+5 ಎಂದರೆ 8+2, ಆಮೇಲೆ 3. ನೂರನ್ನು ಗಿಣಿಪಾಠ ಮಾಡಿಸುವ ಬದಲು ಮೂರು ಗುಣಗಳನ್ನು ನಂಬಬಹುದು ಎಂಬುದೇ ಸಂಕಲನ ಕಲಿಸುವುದರ ಒಟ್ಟು ತಿರುಳು.

ಹಳೆಯದನ್ನು ಬೇಗ ದಾಟುತ್ತೇನೆ. ಸೊನ್ನೆಯೊಂದಿಗೆ ಕೂಡುವ ನಿಯಮವನ್ನು ಬ್ರಹ್ಮಗುಪ್ತ 628ರಲ್ಲೇ ಬರೆದಿದ್ದ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಅದನ್ನೇ ಹೇಳಿದ. ಸೊನ್ನೆಯಿಂದ ಭಾಗಿಸುವಲ್ಲಿ ಎಡವಿದರೂ ಕೂಡಿಸುವಲ್ಲಿ ಎಡವಲಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಇವರಾರೂ ಆರು ವರ್ಷದ ಮಗುವಿಗೆ ಬರೆದವರಲ್ಲ. ಮಗುವಿಗೆ ಇದ್ದದ್ದು ಗಾಂವಠಿ ಶಾಲೆ, ಮರಳಿನ ಮೇಲೆ ಅಂಕಿ, ಅಂಕಲಿಪಿ, ಸಂಜೆಯ ಮಗ್ಗಿ. ಮುಂಬಯಿ ಇಲಾಖೆಯ ಕಾಲದಲ್ಲಿ, ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ ಕನ್ನಡ ಶಾಲೆಗಳು ಹೆಚ್ಚಿದವು; ಬೇರೀಜ (ಕೂಡಿಸುವುದು), ವಜಾಬಾಕಿ (ಕಳೆಯುವುದು) ಪಾಟಿಯ ಮೇಲೆ ಬಂದವು. ಆಣೆ–ಪೈ ಲೆಕ್ಕ ಎಂಥ ಕಸರತ್ತಾಗಿತ್ತೆಂಬುದನ್ನು ಈಗಿನವರು ಊಹಿಸಲಾರರು: 7 ಆಣೆ 9 ಪೈಗೆ 5 ಆಣೆ 6 ಪೈ ಕೂಡಿಸಿದರೆ 13 ಆಣೆ 3 ಪೈ, ಹನ್ನೆರಡು ಪೈಗೊಮ್ಮೆ ಒಂದಾಣೆ ಮೇಲೇರಬೇಕು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ಮಾಸ್ತರರಿಗೂ ಹುಡುಗರಿಗೂ ಬಿಡುಗಡೆಯಾಯಿತು. ಆದರೂ ಹಳೆಯ ತಲೆಮಾರಿನ ಬಾಯಿಲೆಕ್ಕ ಗಟ್ಟಿ ಎಂಬ ಹೊಗಳಿಕೆಗೆ ನನ್ನ ಒಪ್ಪಿಗೆ ಅರ್ಧವೇ. ಗಟ್ಟಿಯಾದವರು ಉಳಿದರು, ಆಗದವರು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟರು. ಅವರ ಲೆಕ್ಕ ಇಟ್ಟವರಿಲ್ಲ.

1957ರಲ್ಲೇ ಸೋವಿಯತ್ ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿತು. ಬೆಚ್ಚಿದ ಅಮೆರಿಕ ಶಾಲಾ ಗಣಿತವನ್ನೇ ತಿರುವಿ ಹಾಕಲು ಹೊರಟಿತು. 'ನವ ಗಣಿತ' ಎಂಬ ಆ ಅಲೆಯಲ್ಲಿ ಗಣಗಳೂ ಗುಣಗಳ ಹೆಸರುಗಳೂ ಎಳೆಯ ತರಗತಿಗಳಿಗೆ ಇಳಿದವು. ಪರಿವರ್ತನೀಯ ಎಂಬ ಹೆಸರನ್ನು ಫ್ರಾನ್ಸಿನ ಗಣಿತಜ್ಞ ಸರ್ವ್ವಾ 1814ರಲ್ಲಿ ಬಳಸಿದ್ದ. ಆ ಪದ ಹುಟ್ಟುವ ಮುನ್ನ ಸಾವಿರಾರು ವರ್ಷ ಜನ ಅದನ್ನು ಬಳಸಿಯೇ ಬದುಕಿದ್ದರೆಂಬುದು ಮರೆತೇಹೋಯಿತು. ಮಕ್ಕಳು ಗುಣದ ಹೆಸರು ಹೇಳುತ್ತಾರೆ, ಕೂಡಿಸಲು ಬಾರದು ಎಂದು ಗಣಿತಜ್ಞ ಮಾರಿಸ್ ಕ್ಲೈನ್ 1973ರಲ್ಲಿ ಪುಸ್ತಕವನ್ನೇ ಬರೆದ. ಗಣಗಳು ನಮ್ಮ ಪಠ್ಯಗಳಿಗೂ ಬಂದವು. ಸುದೈವದಿಂದ ಖಾನಾಪುರದ ಏಕೋಪಾಧ್ಯಾಯ ಶಾಲೆಗಳ ತನಕ ಅಲೆ ಬರುವಷ್ಟರಲ್ಲಿ ನೊರೆಯಷ್ಟೇ ಉಳಿದಿತ್ತು. ಈಗ ಎಲ್‌ಕೆಜಿ ವರ್ಕ್‌ಶೀಟುಗಳಲ್ಲಿ ಅದೇ ಹೆಸರುಗಳನ್ನು ಮತ್ತೆ ಕಾಣುತ್ತಿದ್ದೇವೆ.

ನಿಜವಾದ ತಿರುವು ಬಂದದ್ದು ಮಕ್ಕಳನ್ನು ಗಮನಿಸಿ ನೋಡಿದವರಿಂದ. ಮನೋವಿಜ್ಞಾನಿ ಪಿಯಾಜೆ 1941ರ ಪುಸ್ತಕದಲ್ಲಿ, ಸಾಲಿನಲ್ಲಿಟ್ಟ ಬಿಲ್ಲೆಗಳನ್ನು ದೂರ ದೂರ ಸರಿಸಿದರೆ ಚಿಕ್ಕ ಮಗು ಅವು ಹೆಚ್ಚಾದವು ಎನ್ನುವುದನ್ನು ತೋರಿಸಿದ. ಸಂಶೋಧಕರಾದ ಗ್ರೋಯನ್ ಮತ್ತು ರೆಸ್ನಿಕ್ 1977ರಲ್ಲಿ ಇನ್ನೂ ಶಾಲೆಗೆ ಹೋಗದ ಮಕ್ಕಳಿಗೆ ಎರಡು ರಾಶಿ ಮಾಡಿ ಎಲ್ಲವನ್ನೂ ಎಣಿಸುವ ಒಂದೇ ವಿಧಾನ ಕಲಿಸಿದರು. ಕೆಲವು ವಾರಗಳಲ್ಲಿ ಅವರಲ್ಲಿ ಕೆಲವರು, ಯಾರೂ ಹೇಳಿಕೊಡದೆ, ದೊಡ್ಡ ಸಂಖ್ಯೆಯಿಂದ ಮುಂದಕ್ಕೆ ಎಣಿಸತೊಡಗಿದರು. ಕಾರ್ಪೆಂಟರ್ ಮತ್ತು ಮೋಸರ್ ಇಂಥ ಉಪಾಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದರು. ಇನ್ನೊಬ್ಬ ಸಂಶೋಧಕ ಬರೂಡಿ ಒಂದು ಎಚ್ಚರಿಕೆ ಕೊಟ್ಟ: ದೊಡ್ಡದರಿಂದ ಎಣಿಸುವ ಮಗುವಿಗೆ ಪರಿವರ್ತನೀಯ ಗುಣ ತಿಳಿದಿದೆ ಎಂದುಕೊಳ್ಳಬೇಡಿ, ಅದು ಶ್ರಮ ಉಳಿಸುತ್ತಿರಬಹುದು ಅಷ್ಟೇ. ಲೆಕ್ಕದ ಕಥೆಯೂ ಮುಖ್ಯ. "ಬುಟ್ಟಿಯಲ್ಲಿ 2 ಇದ್ದವು, ಇನ್ನೂ 7 ಹಾಕಿದೆ" ಎಂದರೆ ಕಾಲಕ್ಕೆ ಹಿಂದು ಮುಂದು ಇದೆ, ತಿರುವಲು ಮಗು ಹೆದರುತ್ತದೆ. "2 ಕರಿಯ ಕುರಿ, 7 ಬಿಳಿಯ ಕುರಿ, ಹಿಂಡಿನಲ್ಲಿ ಎಷ್ಟು?" ಎಂದರೆ ತಿರುವುವುದು ಸಲೀಸು. ನಮ್ಮ ಪಠ್ಯಗಳ ಕಥೆಗಳು ಬಹುಪಾಲು ಮೊದಲ ಜಾತಿಯವು.

ಇದೆಲ್ಲ ನಮ್ಮ ಕೈಗೆ ಬಂದದ್ದು ಪುಸ್ತಕಗಳಿಂದಲ್ಲ. ತೊಂಬತ್ತರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂದಾಗ ಕರ್ನಾಟಕದ ಮೊದಲ ಹಂತದ ನಾಲ್ಕು ಜಿಲ್ಲೆಗಳಲ್ಲಿ ಕೋಲಾರ, ಮಂಡ್ಯ, ರಾಯಚೂರುಗಳ ಜೊತೆ ಬೆಳಗಾವಿಯೂ ಇತ್ತು. ಸಮೂಹ ಸಂಪನ್ಮೂಲ ಕೇಂದ್ರಗಳು ಹುಟ್ಟಿದವು. ಸಮಾಲೋಚನಾ ಸಭೆಯಲ್ಲಿ ಜಾಂಬೋಟಿ, ನಂದಗಡ, ಲೋಂಡಾ ಕಡೆಯ ಮಾಸ್ತರರು ಒಂದೇ ಕೋಣೆಯಲ್ಲಿ ಕೂತು, "ನಿಮ್ಮ ಹುಡುಗ್ರು ಹೆಂಗ ಕೂಡಸ್ತಾರ್ರಿ?" ಎಂದು ಮೊದಲ ಸಲ ಕೇಳಿಕೊಂಡರು. ಅದಕ್ಕೂ ಮೊದಲು ಕೇಳುತ್ತಿದ್ದದ್ದು ಸಿಲೆಬಸ್ ಎಲ್ಲಿಗೆ ಬಂತು ಎಂದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಬಂದ ಶಿಕ್ಷಕರಿಂದ ನಲಿಕಲಿ ಮೊಳೆಯಿತು. 2009–10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಏಣಿ, ಮೈಲಿಗಲ್ಲು, ಲೋಗೋ ಇರುವ ಕಾರ್ಡು, ನೆಲದ ಮೇಲೆ ಗುಂಪು, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಹಸಿರು ಹಲಗೆ. ನಾಲ್ಕು ಇಯತ್ತೆಗೆ ಒಬ್ಬರೇ ಮಾಸ್ತರರಿರುವ ಕಾಡಂಚಿನ ಶಾಲೆಗೆ ಇದು ಹೇಳಿ ಮಾಡಿಸಿದ ಪದ್ಧತಿ. ನಗರದ ಟೀಕಾಕಾರರು ಇದನ್ನು ಮರೆಯುತ್ತಾರೆ.

ಜಾಂಬೋಟಿ ಕಡೆಯ ಅಂಥದೊಂದು ಕೋಣೆಯಲ್ಲಿ ಒಬ್ಬ ಹುಡುಗಿಯ ಕೈಗೆ 2+7 ಕಾರ್ಡು ಬಂತು. ಅವಳು ಏಳು ಎಂದು ಬಾಯಲ್ಲಿ ಹೇಳಿ ಎರಡು ಬೆರಳು ಮಡಚಿದಳು: ಎಂಟು, ಒಂಬತ್ತು. ಯಾಕೆಂದು ಕೇಳಿದೆ. "ದೊಡ್ಡದು ಬಾಯಾಗ ಇಟಗೊಂಡ್ರ ಬೆರಳ ಕಡಿಮಿ ಬೇಕಾಗ್ತಾವರಿ ಸರ." "ಹಂಗ ತಿರುವಿದ್ರ ಉತ್ತರ ಬ್ಯಾರೆ ಆಗೂದಿಲ್ಲೇನವಾ?" ಅವಳು ಮುಂದಿದ್ದ ಗೋಡಂಬಿ ಬೀಜಗಳನ್ನು ಎರಡು ಗುಂಪು ಮಾಡಿದಳು, ಗುಂಪುಗಳ ಜಾಗ ಅದಲು ಬದಲು ಮಾಡಿದಳು, ನಕ್ಕಳು. "ಬೀಜ ಅವ ಅದಾವಲ್ರಿ!" ಪಕ್ಕದ ಹುಡುಗ 3+6 ಎಣಿಸಿ ಒಂಬತ್ತು ಬರೆದು, ಕೆಳಗಿನ 6+3ನ್ನು ಮತ್ತೆ ಮೊದಲಿನಿಂದ ಎಣಿಸುತ್ತಿದ್ದ. ಇಬ್ಬರಿಗೂ ಸರಿ ಉತ್ತರ, ಇಬ್ಬರಿಗೂ ಅದೇ ಗುರುತು. ನಲಿಕಲಿಯ ಸೋಲು ಎಲ್ಲಿದೆ ಎಂದರೆ ಇಲ್ಲಿದೆ: ಕಾರ್ಡು ಮುಗಿಯಿತೇ ಎಂಬ ಲೆಕ್ಕ ದೊಡ್ಡದಾಗಿ, ಹೇಗೆ ಮುಗಿಯಿತು ಎಂಬುದು ಬಿಟ್ಟುಹೋಯಿತು. ಪದ್ಧತಿಯನ್ನು ದೂರುವವರು ಈ ದೂರನ್ನು ಹೇಳುವುದೇ ಇಲ್ಲ.

ನಮ್ಮ ಸೀಮೆಗೆ ಇನ್ನೊಂದು ವಿಶೇಷವಿದೆ. ಕನ್ನಡದ ಮಗುವಿಗೆ ಇಪ್ಪತ್ತೊಂದು ಎಂಬ ಮಾತಿನಲ್ಲೇ 20+1 ಕೇಳಿಸುತ್ತದೆ. ಮರಾಠಿಯ ಏಕವೀಸದಲ್ಲಿ ಬಿಡಿ ಮೊದಲು, ಹತ್ತು ಆಮೇಲೆ; ಏಕೋಣತೀಸ ಎಂದರೆ 29, ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೆಯ ಇಯತ್ತೆಯ ಪುಸ್ತಕದಲ್ಲಿ 'ವೀಸ ಏಕ' ಎಂದು ಓದಿಸಲು ಹೊರಟಾಗ ದೊಡ್ಡ ಗದ್ದಲವೇ ಆಯಿತು. ಅದರ ಗಣಿತ ಸಮಿತಿಯ ಮುಂದಾಳಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ ಅದನ್ನು ಸಮರ್ಥಿಸಿಕೊಳ್ಳಬೇಕಾಯಿತು. ಖಾನಾಪುರದಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಬೇಕಾದಷ್ಟು. 1+20 ಮತ್ತು 20+1 ಎರಡನ್ನೂ ದಿನಾಲೂ ನುಡಿಯುವ ಮಗು ತಿರುವುವ ಗುಣವನ್ನು ನಾಲಿಗೆಯ ಮೇಲೆಯೇ ಹೊತ್ತು ಬರುತ್ತದೆ. ನಾವು ಅದನ್ನು ಗೊಂದಲವೆಂದು ಕರೆದು ತಿದ್ದುತ್ತೇವೆ. ಗಡಿಯ ಭಾಷಾಜಗಳದಲ್ಲಿ ಮಾಧ್ಯಮದ ಬಗ್ಗೆ ಆಡಿದಷ್ಟು ಮಾತಿನಲ್ಲಿ ನೂರರಲ್ಲೊಂದು ಪಾಲು ಈ ಮಕ್ಕಳ ಎಣಿಕೆಯ ಬಗ್ಗೆ ಆಡಿದ್ದರೆ ಸಾಕಿತ್ತು.

ಆಮೇಲಿನದು ಸಾಮಗ್ರಿಗಳ ಕಾಲ. ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಕಿಟ್ ಒಳ್ಳೆಯದೇ, ಆದರೆ ಸರಕಾರದ ಜೊತೆ ಅದು ಬಂದದ್ದು ನಾಲ್ಕು–ಐದನೆಯ ತರಗತಿಗೆ. ಅಷ್ಟರಲ್ಲಿ ಅಭ್ಯಾಸಗಳು ಗಟ್ಟಿಯಾಗಿರುತ್ತವೆ. ದೆಹಲಿಯ ಜೋಡೋ ಜ್ಞಾನ ಬಳಕೆಗೆ ತಂದ ನೂರು ಮಣಿಗಳ ಗಣಿತಮಾಲೆ, ಹತ್ತು ಹತ್ತಕ್ಕೆ ಬಣ್ಣ ಬದಲಾಗುವುದರಿಂದ, 8+5ರಲ್ಲಿ ಹತ್ತು ತುಂಬುವುದನ್ನು ಕಣ್ಣಿಗೆ ತೋರಿಸುತ್ತದೆ. ಎರಡು ಬಣ್ಣದ ಮಣಿಯೂ ದಾರವೂ ಇದ್ದರೆ ಶಾಲೆಯಲ್ಲೇ ಪೋಣಿಸಬಹುದು. ಅಬ್ಯಾಕಸ್ಸಿಗೂ ನ್ಯಾಯ ಸಲ್ಲಬೇಕು: 8 ಕೂಡಿಸಲು 10 ಏರಿಸಿ 2 ಇಳಿಸುವ ಆಟ ಈ ಗುಣಗಳ ಮೇಲೆಯೇ ನಿಂತಿದೆ. ಅದು ಬೆರಳಿನ ಚಾಳಿಯಾದ ಮೇಲೆ ಕಾರಣ ಕೇಳುವವರಿಲ್ಲ, ಅಷ್ಟೇ. 2021ರಲ್ಲಿ ಎಳೆಯರ ಓದು–ಲೆಕ್ಕಕ್ಕೆಂದು ಕೇಂದ್ರದ ನಿಪುಣ ಭಾರತ ಯೋಜನೆ ಬಂತು. ಎಷ್ಟರ ವರೆಗಿನ ಸಂಖ್ಯೆ ಎಂಬ ಗುರಿ ಅದರಲ್ಲಿ ಸ್ಪಷ್ಟ, ಯಾವ ಉಪಾಯ ಎಂಬುದು ಮಸುಕು.

ಉಳಿದ ಕೊರತೆಗಳು ಹೀಗಿವೆ. "ಸೊನ್ನೆ ಅಂದ್ರ ಏನೂ ಇಲ್ಲ" ಎಂದು ಕಲಿಸಿದ್ದರ ಫಲವಾಗಿ 5+0ಕ್ಕೆ ಸೊನ್ನೆ ಎಂದೋ 50 ಎಂದೋ ಬರೆಯುವ ಮಕ್ಕಳು ಈಗಲೂ ಇದ್ದಾರೆ. ಸಮ ಚಿಹ್ನೆ ಎಂದರೆ 'ಉತ್ತರ ಬರೆ' ಎಂಬ ಅಪ್ಪಣೆ ಎಂದೇ ಮಕ್ಕಳು ತಿಳಿಯುತ್ತಾರೆ. 8+4=□+5 ಎಂದು ಕೊಟ್ಟರೆ ಅಮೆರಿಕದ ಆರನೆಯ ತರಗತಿಯವರೂ 12 ಅಥವಾ 17 ಬರೆದದ್ದು 1999ರಲ್ಲಿ ವರದಿಯಾಗಿದೆ. ಇದೇ ಪ್ರಶ್ನೆಯನ್ನು ನಮ್ಮ ಸಮೂಹ ಕೇಂದ್ರಗಳಲ್ಲಿ ಕೇಳಿ ನೋಡಲಿ. ಮಕ್ಕಳ ಕಲಿಕೆಯ ಮಟ್ಟ ಅಳೆಯುವ 'ಅಸರ್' ಸಮೀಕ್ಷೆಯ ಪರೀಕ್ಷೆಯಲ್ಲಿ ಸಂಖ್ಯೆ ಗುರುತಿಸುವುದು, ಕಳೆಯುವುದು, ಭಾಗಿಸುವುದು ಇವೆ, ಕೂಡಿಸುವುದೇ ಇಲ್ಲ. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಬ್ಯಾನರ್ಜಿ, ಡುಫ್ಲೋ, ಸ್ಪೆಲ್ಕಿ ಮೊದಲಾದವರ ಅಧ್ಯಯನ, ಕೋಲ್ಕತ್ತ–ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳು ಮಾರುವಾಗ ಸರಾಗವಾಗಿ ಲೆಕ್ಕ ಮಾಡಿ, ಅದೇ ಲೆಕ್ಕ ಶಾಲೆಯ ರೂಪದಲ್ಲಿ ಬಂದರೆ ಸೋಲುವುದನ್ನು ತೋರಿಸಿತು. ಶಾಲೆಯ ಮಕ್ಕಳ ಕಥೆ ಇದಕ್ಕೆ ತದ್ವಿರುದ್ಧ. ಬೆಳಗಾವಿಯ ರವಿವಾರ ಪೇಟೆಯಲ್ಲಿ ತಂದೆಯ ಜೊತೆ ಕೂರುವ ಹುಡುಗನ ಬಗ್ಗೆಯೂ ಇಂಥ ಅಧ್ಯಯನ ಬೇಕು.

ಅದಕ್ಕೆ ದೊಡ್ಡ ದುಡ್ಡು ಬೇಡ. ಮಣ್ಣೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮನಸ್ಸು ಮಾಡಿದರೆ, ಒಂದು ಮತ್ತು ಎರಡನೆಯ ತರಗತಿಯ ಪ್ರಗತಿಪತ್ರದಲ್ಲಿ 'ಉತ್ತರ ಸರಿಯೇ' ಎಂಬುದರ ಪಕ್ಕ ಇನ್ನೊಂದು ಕಾಲಮ್ ಸಾಕು: ಎಲ್ಲ ಎಣಿಸಿತು, ಮೊದಲಿನದರಿಂದ ಎಣಿಸಿತು, ದೊಡ್ಡದರಿಂದ ಎಣಿಸಿತು, ಹತ್ತು ತುಂಬಿಸಿತು, ನೆನಪಿನಿಂದ ಹೇಳಿತು. ಮಾಸ್ತರರು ಕೇಳಬೇಕಾದ ಪ್ರಶ್ನೆ ಒಂದೇ, "ಹೆಂಗ ಮಾಡಿದಿ?" ನಲಿಕಲಿ ಕೆಟ್ಟಿತೋ ಅಬ್ಯಾಕಸ್ ಗೆದ್ದಿತೋ ಎಂಬ ವಾದವನ್ನು ಆ ಕಾಲಮ್ ಒಂದು ವರ್ಷ ತುಂಬಿದ ಮೇಲೆ ಮಾಡೋಣ.