ಯಾರ ವಿಜಯ? ಯಾರ ದಶಮಿ?

ಅಕ್ಟೋಬರ್ ಬಂತು. ಹಸ್ತಾ ಮಳೆ ಸರಿದು ಚಿತ್ತಾ ಮಳೆ ಕೂಡುವ ಹೊತ್ತು. ಎರೆಸೀಮೆಯಲ್ಲಿ ಕೂರಿಗೆ ಹೊರಬಿದ್ದಿದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ ನೆಲಕ್ಕಿಳಿಯಬೇಕು. ಮಲೆನಾಡಿನ ಗದ್ದೆಗಳಲ್ಲಿ ಭತ್ತ ಹೊಡೆಯಾಗಿ ನಿಂತಿದೆ. ಊರೊಳಗೆ ಮಾನೌಮಿ, ಆಯುಧಪೂಜೆ, ಬನ್ನಿ. ಅದರ ಬೆನ್ನಿಗೇ ಹುಣ್ಣಿಮೆ. ಉತ್ತರದವರಿಗೆ ಅದು ಸೀಗಿ ಹುಣ್ಣಿಮೆ, ಮಲೆನಾಡಿನವರಿಗೆ ಭೂಮಿ ಹುಣ್ಣಿಮೆ. ಶಾಲೆಗಳಿಗೆ ದಸರಾ ರಜೆ. ಪೇಪರು ತೆರೆದರೆ ಆನೆ, ಅಂಬಾರಿ. ಇದು ನಾಡಹಬ್ಬ ಅಂತ ನಮಗೆ ಪಾಠದಲ್ಲಿ ಹೇಳಿಕೊಟ್ಟರು. ಮೇಷ್ಟ್ರುಗಳಾಗಿರುವ ನಮ್ಮ ಗೆಳೆಯರೂ ಇವತ್ತು ಅದನ್ನೇ ಹೇಳಿಕೊಡುತ್ತಿದ್ದಾರೆ.

ಹಬ್ಬ ಬೇಡ ಅನ್ನೋದು ನಮ್ಮ ಮಾತಲ್ಲ. ದುಡಿಯುವ ಜನಕ್ಕೆ ಹಬ್ಬ ಬೇಕು, ಒಂದು ದಿನದ ಬಿಡುವು ಬೇಕು, ಹೊಟ್ಟೆ ತುಂಬ ಊಟ ಬೇಕು. ನಾವು ಕೇಳೋದು ಬೇರೆ. ವಿಜಯದಶಮಿ ಅಂತೀರಲ್ಲ, ಯಾರ ವಿಜಯ? ಯಾರ ಮೇಲಿನ ವಿಜಯ? ಗೆದ್ದವರ ಹೆಸರು ಪಂಚಾಂಗದಲ್ಲಿದೆ. ಆ ಗೆಲುವಿನ ಮೆರವಣಿಗೆಗೆ ಪಂಜು ಹಿಡಿದವರು, ಹಲಗೆ ಬಡಿದವರು, ಬಲಿಬಿದ್ದ ಕೋಣವನ್ನು ಎಳೆದು ಹಾಕಿದವರು ಯಾವ ಪಂಚಾಂಗದಲ್ಲಿದ್ದಾರೆ?

ಮೊದಲು ಅರಮನೆಯ ಲೆಕ್ಕ ನೋಡೋಣ. ಹಂಪಿಗೆ ಹೋದವರು ಮಹಾನವಮಿ ದಿಬ್ಬ ಕಂಡಿರುತ್ತೀರಿ. ಅದರ ಕಲ್ಲುಗಳ ಮೇಲೆ ಆನೆ, ಕುದುರೆ, ಬೇಟೆ, ಕುಣಿತ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆ ಒಂಬತ್ತು ದಿನಗಳನ್ನು ಕಣ್ಣಾರೆ ಕಂಡು ಬರೆದಿಟ್ಟ. ದಿನವೂ ಕೋಣ, ಕುರಿಗಳ ಬಲಿ. ಕೊನೆಯ ದಿನ 250 ಕೋಣ, 4,500 ಕುರಿ ಎಂದು ಅವನ ಲೆಕ್ಕ. ಕೆಲವು ವರ್ಷಗಳ ಮೇಲೆ ಬರೆದ ಫೆರ್ನಾವೊ ನೂನಿಜ್ ಇನ್ನೊಂದು ಸಂಗತಿ ಹೇಳಿದ. ನಾಯಕರು ತಮ್ಮ ತಮ್ಮ ಸೀಮೆಯ ಕಂದಾಯವನ್ನು ಅರಸನಿಗೆ ಸಲ್ಲಿಸುತ್ತಿದ್ದುದೂ ಈ ಒಂಬತ್ತು ದಿನಗಳ ಹಬ್ಬದಲ್ಲೇ. ಭೂಮಿಯೆಲ್ಲ ಅರಸನದು, ಉಳುವವರು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಅಳೆಯುತ್ತಾರೆ ಎಂದೂ ಅವನು ಬರೆದ. ಒಂಬತ್ತೋ ಆರೋ, ಪಂಡಿತರು ಕೂತು ತರ್ಕ ಮಾಡಲಿ. ಗೆಳೆಯರೇ, ನಾವು ಹಿಡಿದುಕೊಳ್ಳಬೇಕಾದ್ದು ಇಷ್ಟು: ದಿಬ್ಬದ ಮೇಲಿನ ಆ ವೈಭವ ಮೇಲಿನಿಂದ ಇಳಿದು ಬಂದದ್ದಲ್ಲ. ಉತ್ತವನ ಕಣದಿಂದ ಏರಿ ಹೋದದ್ದು.

ವಿಜಯನಗರ ಬಿದ್ದ ಮೇಲೆ ಹಬ್ಬ ಕೈ ಬದಲಾಯಿಸಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದು ಅಲ್ಲಿ ದಸರಾ ನಡೆಸಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರ ರಾಜಧಾನಿಯೊಂದಿಗೆ ಹಬ್ಬವೂ ಮೈಸೂರಿಗೆ ಬಂತು. ಮುಮ್ಮಡಿ ಕೃಷ್ಣರಾಜರ ಕಾಲದಲ್ಲಿ, 1805ರಿಂದ, ಇಂಗ್ಲಿಷ್ ಅಧಿಕಾರಿಗಳೂ ಕೂರುವ ದರ್ಬಾರು ಶುರುವಾಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನು ರದ್ದು ಮಾಡಿತು. ಅರಸ ಕೂತಿದ್ದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹ ಕೂತಿದೆ. ಅಂಬಾರಿಯ ತೂಕ ಸುಮಾರು 750 ಕಿಲೊ ಅಂತ ಮಕ್ಕಳೂ ಹೇಳುತ್ತವೆ. ಆನೆಯನ್ನು ಪಳಗಿಸಿ ನಡೆಸುವ ಮಾವುತರು, ಕಾವಾಡಿಗರಲ್ಲಿ ಎಷ್ಟೋ ಮಂದಿ ಜೇನುಕುರುಬರು, ಬೆಟ್ಟಕುರುಬರು. ಅವರ ಬಂಧುಗಳನ್ನೇ ನಾಗರಹೊಳೆಯ ಕಾಡಿನಿಂದ ಹೊರಹಾಕಲಾಯಿತು ಎಂಬುದನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇವೆ?

ಅಂತೂ ಅರಸರದ್ದಾಗಿದ್ದ ಹಬ್ಬ ಸರ್ಕಾರದ್ದಾಯಿತು, ಕಾಗದದ ಮೇಲೆ ಎಲ್ಲರದ್ದೂ ಆಯಿತು. ಆದರೆ 2025ರಲ್ಲಿ ಏನಾಯಿತು? ಬಂಡಾಯದ ದಿನಗಳಿಂದ ಬರೆಯುತ್ತಾ ಬಂದ ಬಾನು ಮುಷ್ತಾಕ್ ಅವರನ್ನು ಉದ್ಘಾಟನೆಗೆ ಕರೆದಾಗ, ಬೇಡ ಅಂತ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅವರ ಅರ್ಜಿ ನಿಲ್ಲಲಿಲ್ಲ. ಬಾನು ಉದ್ಘಾಟಿಸಿದರು. ನಾಡಹಬ್ಬದ ನಾಡಿನೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬ ಜಗಳ ಇನ್ನೂ ಮುಗಿದಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ?

ಅರಮನೆಯ ಮಾತು ಸಾಕು, ಹಳ್ಳಿಗೆ ಬರೋಣ. ನಮ್ಮ ಹಿರೀಕರಿಗೆ ಮಾನೌಮಿ ಅಂದರೆ ಕೆಲಸದ ಪಟ್ಟಿ. ಗುಡಿ ಮುಂದಿನ ಬಯಲು ಗುಡಿಸಬೇಕು, ಗುಡಿಯೊಳಗೆ ಹೋಗಬಾರದು. ಹಲಗೆ ಬಡಿಯಬೇಕು, ಪಲ್ಲಕ್ಕಿ ಮುಟ್ಟಬಾರದು. ಬಲಿಯ ಕೋಣ ಎಳೆಯಬೇಕು, ಎಡೆಯ ಸಾಲಿನಲ್ಲಿ ಕೂರಬಾರದು. ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೂಣು ಅಂತ ಊರೆಲ್ಲ ಅಪ್ಪಿಕೊಳ್ಳುವಾಗ ಕೇರಿಯವರು ದೂರ ನಿಂತು ಕೈ ಮುಗಿಯಬೇಕು. ಆಯುಧಪೂಜೆಯ ದಿನ ಕತ್ತಿಗೂ ಲಾರಿಗೂ ಕುಂಕುಮ ಏರುತ್ತದೆ. ಚಪ್ಪಲಿ ಹೊಲಿಯುವ ಉಳಿ, ರಂಪಿಗೆ, ಬೀದಿ ಗುಡಿಸುವ ಪೊರಕೆ, ಮೋರಿಗಿಳಿಯುವ ಸನಿಕೆ, ಇವನ್ನು ಊರು ಆಯುಧ ಅಂತ ಎಣಿಸಲೇ ಇಲ್ಲ.

ಇದು ಹಳೇ ಕಥೆ, ಈಗೆಲ್ಲಿದೆ ಅನ್ನುವವರಿದ್ದಾರೆ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿತು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿ, ದಲಿತರಿಂದ ಬಲವಂತವಾಗಿ ಸತ್ತ ಪ್ರಾಣಿ ಹೊರಿಸುವುದನ್ನು ಅಪರಾಧ ಅಂತ ಸ್ಪಷ್ಟವಾಗಿ ಬರೆದರು. ರೋಗ ಹೋಗಿದ್ದರೆ 2015ರಲ್ಲಿ ಮದ್ದು ಯಾಕೆ ಬರೆಯಬೇಕಿತ್ತು? ಕಾಯ್ದೆ ಬಾಗಿಲು ತಟ್ಟಿದಾಗ ಚಾಕರಿ ಸಂಪ್ರದಾಯದ ಅಂಗಿ ತೊಟ್ಟುಕೊಳ್ಳುತ್ತದೆ. ಇದು ನಿಮ್ಮ ಹಕ್ಕು, ದೇವಿಯ ಸೇವೆ, ನೀವು ಬಡಿಯದಿದ್ದರೆ ಹಬ್ಬ ನಡೆಯೋದಿಲ್ಲ ಅಂತಾರೆ. ನಾವಿಲ್ಲದೆ ನಡೆಯದ ಹಬ್ಬದಲ್ಲಿ ನಮಗೆ ಜಾಗ ಯಾಕಿಲ್ಲ ಅಂತ ಕೇಳಿದರೆ ಮಾತು ನಿಲ್ಲುತ್ತದೆ.

ಸೋತವನ ಕಡೆಯಿಂದ ಕಥೆ ಹೇಳುವ ಪ್ರಯತ್ನವೂ ನಡೆದಿದೆ. ಮಹಿಷ ರಾಕ್ಷಸನಲ್ಲ, ನಮ್ಮ ನೆಲದ ಬೌದ್ಧ ಅರಸ ಎಂದು ಮೈಸೂರಿನ ಗೆಳೆಯರು ಮಹಿಷ ದಸರಾ ಮಾಡಿದರು. ಅಶೋಕನ ಕಾಲದಲ್ಲಿ ಮಹಾದೇವ ಥೇರನನ್ನು ಮಹಿಷಮಂಡಲಕ್ಕೂ, ರಕ್ಖಿತ ಥೇರನನ್ನು ವನವಾಸಿಗೂ ಧಮ್ಮ ಸಾರಲು ಕಳಿಸಿದರು ಎಂದು ಸಿಂಹಳದ ಮಹಾವಂಶ ಹೇಳುತ್ತದೆ. ವನವಾಸಿ ನಮ್ಮ ಬನವಾಸಿ. ಮಹಿಷಮಂಡಲ ಮೈಸೂರು ಸೀಮೆಯೇ ಎಂದು ಕೆಲವು ವಿದ್ವಾಂಸರು, ಅಲ್ಲ ನರ್ಮದೆಯ ಕಡೆಯದು ಎಂದು ಇನ್ನು ಕೆಲವರು. ಆ ಚರ್ಚೆ ನಡೆಯಲಿ. ಯಾರೂ ಅಲ್ಲಗಳೆಯಲಾಗದ ಸಾಕ್ಷಿ ಮಾತ್ರ ನಮ್ಮ ಕಲ್ಲುಗಳ ಮೇಲೇ ಇದೆ.

1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಚಿನ್ನ ಹುಡುಕಿ ಬಂದ ಬೀಡನ್ ಎಂಬ ಎಂಜಿನಿಯರ್ ಒಂದು ಬಂಡೆಗಲ್ಲಿನ ಬರಹ ಕಂಡ. ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರನ್ನೇ ಹೊತ್ತು ಮೊದಲು ಸಿಕ್ಕ ಶಾಸನ ಅದು. ಅದರೊಳಗಿನ ತಿರುಳು ಕೇಳಿ: ಈ ಗುರಿ ಮುಟ್ಟುವುದು ದೊಡ್ಡವರಿಂದ ಮಾತ್ರ ಆಗುವಂಥದು ಎಂದು ತಿಳಿಯಬೇಡಿ, ಧಮ್ಮದಲ್ಲಿ ನಿಂತರೆ ಸಣ್ಣವನೂ ಮುಟ್ಟಬಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಸೀಮೆಯ ಕಲ್ಲು ಆಡಿದ ಮಾತಿದು. ಸಣ್ಣವರನ್ನು ಹೊರಗೆ ನಿಲ್ಲಿಸುವ ಶಾಸ್ತ್ರ ಮಾತ್ರ ನಮ್ಮ ಪರಂಪರೆ ಅಲ್ಲ.

ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ದಂಡೆಯ ಮೇಲೆ ಸನ್ನತಿ ಇದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಒಡೆಯಿತು. ಅದರ ಪೀಠವಾಗಿ ಹಾಕಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಲಿಪಿ ಕಂಡಿತು. ಓದಿ ನೋಡಿದರೆ ಅಶೋಕನ ಶಾಸನಗಳು. ತನ್ನ ಪಂಥವನ್ನೇ ಹೊಗಳಿ ಪರರ ಪಂಥವನ್ನು ಹಳಿಯಬೇಡ ಅನ್ನುವ ಶಾಸನ, ಜನರೆಲ್ಲ ನನ್ನ ಮಕ್ಕಳು ಅನ್ನುವ ಕಳಿಂಗದ ಶಾಸನ, ಅದೇ ಕಲ್ಲಿನ ಮೇಲೆ. ಎಷ್ಟೋ ತಲೆಮಾರು ಜನ ಮೇಲಿನ ದೇವಿಗೆ ಕೈ ಮುಗಿದರು. ಕೆಳಗಿನ ಅಕ್ಷರ ಯಾರಿಗೂ ಕಾಣಲಿಲ್ಲ. ನಮ್ಮ ಚರಿತ್ರೆ ಎಲ್ಲಿದೆ ಅಂತ ಕೇಳುವವರಿಗೆ ಸನ್ನತಿಯ ದಾರಿ ತೋರಿಸಿ.

ಈ ಅಶೋಕ ಗೆಲುವನ್ನೇ ಅನುಭವಿಸಿ ನೋಡಿದವನು. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು ಎಂದು 13ನೇ ಬಂಡೆ ಶಾಸನದಲ್ಲಿ ತಾನೇ ಬರೆಸಿದ. ಗೆದ್ದ ಅರಸ ತಾನು ಕೊಂದವರ ಲೆಕ್ಕ ಕೊಟ್ಟು, ನೊಂದೆ ಅಂತ ಹೇಳಿಕೊಂಡದ್ದು ಜಗತ್ತಿನಲ್ಲೇ ಅಪರೂಪ. ಇನ್ನು ಮೇಲೆ ಧಮ್ಮದ ವಿಜಯವೇ ದೊಡ್ಡ ವಿಜಯ ಅಂದ. ಅವನು ಕತ್ತಿ ಕೆಳಗಿಟ್ಟ ದಿನ ದಶಮಿ ಅನ್ನೋದು ಬೌದ್ಧರ ನಂಬಿಕೆ. ಶಾಸನಗಳು ತಿಥಿ ಹೇಳುವುದಿಲ್ಲ. ಆದರೆ ವಿಜಯ ಎಂಬ ಪದಕ್ಕೆ ಎರಡನೆಯ ಅರ್ಥ ಕೊಟ್ಟವನು ಅವನೇ.

ಆ ಅರ್ಥವನ್ನು ಬಾಬಾಸಾಹೇಬರು ಎತ್ತಿಕೊಂಡರು. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ನಾಗಪುರದಲ್ಲಿ ಮಾತು ಉಳಿಸಿಕೊಂಡರು. ನಡುವೆ 21 ವರ್ಷ, ಒಂದು ದಿನ. ಕುಶಿನಾರದ ಭಿಕ್ಷು ಚಂದ್ರಮಣಿಯವರಿಂದ ತಾವು ದೀಕ್ಷೆ ಪಡೆದರು. ಆಮೇಲೆ ತಾವೇ 22 ಪ್ರತಿಜ್ಞೆಗಳನ್ನು ಹೇಳಿಕೊಟ್ಟು ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟರು. ಮರುದಿನದ ಭಾಷಣದಲ್ಲಿ, ಸತ್ತ ದನ ಹೊರುವುದು ಬಿಟ್ಟರೆ ಮಹಾರರಿಗೆ ವರ್ಷಕ್ಕೆ ಇಷ್ಟು ನಷ್ಟ ಅಂತ ಲೆಕ್ಕ ಒಪ್ಪಿಸಿದವರಿಗೆ ಉತ್ತರ ಕೊಟ್ಟರು. ಲಾಭಕ್ಕಿಂತ ಮಾನ ದೊಡ್ಡದು ಅನ್ನೋದು ಆ ಉತ್ತರದ ಸಾರ. ಎರಡು ತಿಂಗಳೊಳಗೆ, ಡಿಸೆಂಬರ್ 6ರಂದು, ಅವರು ತೀರಿಹೋದರು. ದಿನ ಮಾತ್ರ ಉಳಿಯಿತು. ಬೀದರ್, ಕಲಬುರಗಿಯ ಕಡೆಯಿಂದ ಬುತ್ತಿ ಕಟ್ಟಿಕೊಂಡು ಜನ ಇವತ್ತಿಗೂ ದೀಕ್ಷಾಭೂಮಿಗೆ ಹೋಗುತ್ತಾರೆ. ಅಲ್ಲಿ ಅಂಬಾರಿ ಇಲ್ಲ. ಪುಸ್ತಕದ ಅಂಗಡಿಗಳಿವೆ.

ಇಲ್ಲಿ ನಮ್ಮೊಳಗೇ ಒಂದು ಇಕ್ಕಟ್ಟಿದೆ, ಮುಚ್ಚಿಡೋದು ಬೇಡ. 22 ಪ್ರತಿಜ್ಞೆ ಓದಿದ ನಾವು ಮನೆಗೆ ಹೋದರೆ ಅವ್ವ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು ಬುಟ್ಟಿ ತುಂಬುತ್ತಿರುತ್ತಾಳೆ. ಮಲೆನಾಡಿನಲ್ಲಿ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದು, ಬಸುರಿ ಭೂಮಿಗೆ ಬಯಕೆಯ ಊಟ ಒಯ್ಯುತ್ತಾರೆ. ಇದೂ ಮೌಢ್ಯ, ಬಿಟ್ಟುಬಿಡಿ ಅಂತ ಅವ್ವನಿಗೆ ಭಾಷಣ ಮಾಡೋಣವೆ? ನಾವು ಹಾಗೆ ಹೇಳೋದಿಲ್ಲ. ಚರಗಕ್ಕೆ ಪುರೋಹಿತ ಬೇಕಿಲ್ಲ, ಮಂತ್ರ ಬೇಕಿಲ್ಲ. ಅಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ದುಡಿದ ಕೈ ನೆಲಕ್ಕೆ ಒಂದು ತುತ್ತು ಕೊಡುತ್ತದೆ, ಅಷ್ಟೆ. ಅವ್ವನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಅವ್ವಾ, ಈ ಹೊಲ ಯಾರ ಹೆಸರಿನಲ್ಲಿದೆ? ನೆಲಕ್ಕೆ ಉಣಿಸುವವರಿಗೆ ನೆಲ ಯಾಕಿಲ್ಲ? ಚರಗದ ಬುಟ್ಟಿ ಹೊತ್ತು ಹೋದವರು ಪಹಣಿಯ ಪ್ರಶ್ನೆ ಹೊತ್ತು ತಿರುಗಿ ಬರಬೇಕು.

ಹಾಗಾದರೆ ಈ ಅಕ್ಟೋಬರ್‌ನಲ್ಲಿ ಮಾಡೋದೇನು? ಕೇರಿಯ ಹುಡುಗರು ಹಲಗೆ ಬಡಿಯಲಿ, ಆದರೆ ಬಿಟ್ಟಿಗೆ ಬಡಿಯೋದು ಬೇಡ, ಹೆದರಿ ಬಡಿಯೋದೂ ಬೇಡ. 14ನೇ ತಾರೀಖು ತಮ್ಮ ಕೇರಿಯಲ್ಲಿ ತಮಗಾಗಿ ಬಡಿಯಲಿ. ಬಲವಂತ ಮಾಡಿದವರಿಗೆ ಕಾಯ್ದೆಯ ಹೆಸರು, ಇಸವಿ ಬಾಯಿಪಾಠ ಹೇಳುವಂತಿರಲಿ. ಒಬ್ಬೊಬ್ಬರೇ ಹೇಳಿದರೆ ಊರು ಬಹಿಷ್ಕಾರ ಹಾಕುತ್ತದೆ. ಆದ್ದರಿಂದ ಸಂಘಟನೆಯಾಗಿ ಹೇಳಬೇಕು. ಮೇಷ್ಟ್ರುಗಳು ರಜೆಗೆ ಮುಂಚೆ ಅಂಬಾರಿಯ ತೂಕದ ಜೊತೆಗೆ ಮಸ್ಕಿಯ ಕಲ್ಲಿನ ಮಾತನ್ನೂ ಹೇಳಲಿ. ವಿದ್ಯಾರ್ಥಿಗಳು ಸನ್ನತಿಗೆ ಹೋಗಿ ಬರಲಿ.

ಕಳಿಂಗದ ಶಾಸನದಲ್ಲಿ ಅಶೋಕ ಒಂದು ಏರ್ಪಾಡು ಮಾಡಿದ್ದ. ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಬರಹವನ್ನು ಜನರಿಗೆ ಓದಿ ಕೇಳಿಸಬೇಕು. ನಡುವೆ ಬೇಕಾದರೆ ಒಬ್ಬನೇ ಒಬ್ಬ ಕೇಳುವವನಿದ್ದರೂ ಓದಬೇಕು. ನಮ್ಮ ಕೇರಿಗಳಲ್ಲಿ ಈಗ ಓದಬಲ್ಲವರು ಮನೆಗೊಬ್ಬರಿದ್ದಾರೆ. ಅಕ್ಟೋಬರ್ 14ರ ಸಂಜೆ 22 ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಓದಿ. ಹತ್ತು ಜನ ಬಂದರೆ ಹತ್ತು ಜನಕ್ಕೆ. ಒಬ್ಬರೇ ಬಂದರೆ ಆ ಒಬ್ಬರಿಗೆ.